ಲಿಬರ್ಟಿ ಎಂಜಿನ್ನಿನ ಋಣ: ಎರಡು ಯುದ್ಧಗಳ ನಡುವೆ ಅಮೆರಿಕದ ವೀಕ್ಷಣಾ ವಿಮಾನಗಳು

ಡಿಎಚ್-4 ವಿಮಾನದಲ್ಲಿ ಪೈಲಟ್ ಮುಂದೆ ಕೂರುತ್ತಿದ್ದ, ವೀಕ್ಷಕ ಹಿಂದೆ. ಇಬ್ಬರ ನಡುವೆ ಪೆಟ್ರೋಲ್ ಟ್ಯಾಂಕು. ಕೆಳಗಿನ ರಸ್ತೆಯಲ್ಲಿ ಶತ್ರುವಿನ ಬಂಡಿಗಳ ಸಾಲು ಕಂಡಿತು ಅನ್ನಿ, ವೀಕ್ಷಕ ಅದನ್ನು ಪೈಲಟ್‌ಗೆ ತಿಳಿಸುವುದು ಹೇಗೆ? 400 ಅಶ್ವಶಕ್ತಿಯ ಎಂಜಿನ್ ಅಬ್ಬರಿಸುತ್ತಿರುತ್ತದೆ, ತೆರೆದ ಕಾಕ್‌ಪಿಟ್‌ಗೆ ಗಾಳಿ ರಾಚುತ್ತಿರುತ್ತದೆ. ಕೈಚಾಚಿ ಭುಜ ತಟ್ಟೋಣವೆಂದರೆ ಟ್ಯಾಂಕು ಅಡ್ಡ. ವಿಮಾನ ನೆಲಕ್ಕೆ ಅಪ್ಪಳಿಸಿದರೆ ಇನ್ನೊಂದು ಅಪಾಯ: ಟ್ಯಾಂಕು ಕಿತ್ತುಕೊಂಡು ಮುಂದೆ ನುಗ್ಗುತ್ತಿತ್ತು, ಪೈಲಟ್ ಎಂಜಿನ್ನಿಗೂ ಟ್ಯಾಂಕಿಗೂ ನಡುವೆ ಅಡಕತ್ತರಿಗೆ ಸಿಕ್ಕ ಅಡಕೆಯಾಗುತ್ತಿದ್ದ.

ಸೈನಿಕರು ಇದಕ್ಕೆ ‘ಉರಿಯುವ ಶವಪೆಟ್ಟಿಗೆ’ ಎಂದು ಹೆಸರಿಟ್ಟಿದ್ದರು. ಹೆಸರು ಸ್ವಲ್ಪ ಅತಿಯಾಯಿತು. ಮೊದಲ ಮಹಾಯುದ್ಧದ ಕಾಳಗದಲ್ಲಿ ಅಮೆರಿಕ ಕಳೆದುಕೊಂಡ 33 ಡಿಎಚ್-4ಗಳಲ್ಲಿ ಬೆಂಕಿ ಹತ್ತಿ ಬಿದ್ದವು 8. ಆದರೆ ವೀಕ್ಷಕನಿಗೂ ಪೈಲಟ್‌ಗೂ ಮಾತಿಲ್ಲದ ವಿಮಾನ ವೀಕ್ಷಣೆಗೆ ಒದಗುವುದು ಕಷ್ಟ ಎಂಬ ದೂರು ಮಾತ್ರ ನೂರಕ್ಕೆ ನೂರು ನಿಜ.

1919ರಿಂದಾಚೆಗೆ ಅಮೆರಿಕ ತಯಾರಿಸಿದ ವೀಕ್ಷಣಾ ವಿಮಾನಗಳೆಲ್ಲ ಹುಟ್ಟಿದ್ದು ಈ ಒಂದು ವಿಮಾನದ ಕೊರತೆಗಳನ್ನು ಒಂದೊಂದಾಗಿ ಸರಿಪಡಿಸುತ್ತಾ. ಅದಕ್ಕೆ ಇಪ್ಪತ್ತು ವರ್ಷ ಹಿಡಿದದ್ದೇಕೆ ಎಂದು ಕೇಳಿದರೆ ಉತ್ತರ ಗೋದಾಮಿನಲ್ಲಿದೆ.

ಗೋದಾಮಿನ ತುಂಬ ಎಂಜಿನ್

ಡಿಎಚ್-4 ಮೂಲತಃ ಬ್ರಿಟಿಷ್ ವಿನ್ಯಾಸ. 1917ರಲ್ಲಿ ಯುದ್ಧಕ್ಕೆ ಇಳಿದಾಗ ಅಮೆರಿಕದ ಬಳಿ ಯುರೋಪಿನ ಆಕಾಶದಲ್ಲಿ ನಿಲ್ಲುವಂಥ ಸ್ವಂತ ವಿಮಾನ ಇರಲಿಲ್ಲ. ಹಾಗಾಗಿ ಬ್ರಿಟನ್ನಿನ ನಕ್ಷೆ ತಂದು, ಅದಕ್ಕೆ ತನ್ನದೇ ಲಿಬರ್ಟಿ ಎಂಜಿನ್ ಕೂರಿಸಿತು. ಡೇಟನ್-ರೈಟ್, ಫಿಶರ್ ಬಾಡಿ, ಸ್ಟ್ಯಾಂಡರ್ಡ್ ಎಂಬ ಮೂರು ಕಂಪನಿಗಳು ಸೇರಿ 4,846 ವಿಮಾನ ಕಟ್ಟಿದವು. ಲಿಬರ್ಟಿ ಎಂಜಿನ್‌ಗಳ ಸಂಖ್ಯೆ 20,000 ದಾಟಿತು. ಅಷ್ಟರಲ್ಲಿ ಯುದ್ಧ ಮುಗಿದಿತ್ತು.

ಲಿಬರ್ಟಿ ಕೆಟ್ಟ ಎಂಜಿನ್ ಅಲ್ಲ. ವಿ ಆಕಾರದಲ್ಲಿ 45 ಡಿಗ್ರಿ ಕೋನಕ್ಕೆ ಜೋಡಿಸಿದ 12 ಸಿಲಿಂಡರ್, 27 ಲೀಟರ್ ಗಾತ್ರ, ಸುಮಾರು 383 ಕಿಲೋ ತೂಕ. 1917ಕ್ಕೆ ಅದು ಒಳ್ಳೆಯ ಲೆಕ್ಕವೇ. ತೊಂದರೆ ಇದ್ದದ್ದು ನೀರಿನಲ್ಲಿ. ಒಂದೊಂದು ಸಿಲಿಂಡರಿನ ಸುತ್ತಲೂ ತೆಳು ಉಕ್ಕಿನ ತಗಡಿನ ನೀರಿನ ಕವಚವನ್ನು ಬೆಸೆದಿರುತ್ತಿದ್ದರು. ಎಂಜಿನ್ ನಡುಗಿದಂತೆಲ್ಲ ಆ ಬೆಸುಗೆ ಬಿರುಕು ಬಿಡುವುದು, ನೀರು ಜಿನುಗುವುದು. ಕಿಡಿ ಹೊತ್ತಿಸಲು ತಾನೇ ವಿದ್ಯುತ್ ಹುಟ್ಟಿಸುವ ಮ್ಯಾಗ್ನೆಟೋ ಇರಲಿಲ್ಲ, ಕಾರಿನಂತೆ ಬ್ಯಾಟರಿಯ ವ್ಯವಸ್ಥೆ. ಜನರೇಟರ್ ಕೈಕೊಟ್ಟ ಮೇಲೆ ಬ್ಯಾಟರಿ ಇಳಿಯುವವರೆಗೆ ಮಾತ್ರ ಎಂಜಿನ್‌ಗೆ ಆಯುಸ್ಸು.

ಗೋದಾಮಿನಲ್ಲಿ ಸಾವಿರಾರು ಎಂಜಿನ್ ಬಿದ್ದಿರುವಾಗ ಹೊಸದಕ್ಕೆ ದುಡ್ಡು ಕೇಳಿದರೆ ಯಾವ ಸಂಸತ್ತು ಕೊಟ್ಟೀತು? ಹೀಗಾಗಿ ಹೊಸ ವಿಮಾನಕ್ಕೂ ಹಳೆಯ ಎಂಜಿನ್ನೇ ಎಂಬ ನಿಯಮ 1920ರ ದಶಕದ ಕೊನೆಯವರೆಗೂ ನಡೆಯಿತು. ಆ ಕಾಲದ ವಿಮಾನಗಳ ಮೂತಿಯ ಉದ್ದ, ತೂಕ, ರೇಡಿಯೇಟರಿನ ಜಾಗ ಎಲ್ಲವನ್ನೂ ತೀರ್ಮಾನಿಸಿದ್ದು ಈ ಎಂಜಿನ್.

ಮೊದಲ ರಿಪೇರಿ ಟ್ಯಾಂಕಿಗೇ ಆಯಿತು. ಡಿಎಚ್-4ಬಿ ಮಾದರಿಯಲ್ಲಿ ಪೈಲಟ್‌ನ ಆಸನವನ್ನೂ ಟ್ಯಾಂಕನ್ನೂ ಅದಲುಬದಲು ಮಾಡಿದರು. ಈಗ ಎಂಜಿನ್, ಅದರ ಹಿಂದೆ ಟ್ಯಾಂಕು, ಆಮೇಲೆ ಪೈಲಟ್, ಅವನ ಬೆನ್ನಿಗೇ ವೀಕ್ಷಕ. ಭುಜ ತಟ್ಟಿ ಕೈಸನ್ನೆ ಮಾಡಬಹುದು, ಚೀಟಿ ಬರೆದು ಕೊಡಬಹುದು. ಜೊತೆಗೆ ಚಕ್ರಗಳನ್ನು ಸ್ವಲ್ಪ ಮುಂದಕ್ಕೆ ತಂದರು. ಮೂತಿ ಭಾರದ ಈ ವಿಮಾನ ಮೆತ್ತನೆಯ ಹೊಲದಲ್ಲಿ ಇಳಿದಾಗ ಮುಗ್ಗರಿಸಿ ಮೂಗೂರುವ ಚಾಳಿ ಇಟ್ಟುಕೊಂಡಿತ್ತು. ಚಕ್ರ ಮುಂದಿದ್ದಷ್ಟೂ ಆ ಭಯ ಕಡಿಮೆ.

ಎರಡನೆಯ ರಿಪೇರಿ ಒಡಲಿಗೆ. ಮರದ ಒಡಲು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಒಳಗಿನ ಬಿಗಿತಂತಿಗಳು ಸಡಿಲಾಗಿ ಬಾಲ ಒಂದು ಕೂದಲೆಳೆ ವಾರೆಯಾದರೂ ಪೈಲಟ್ ಇಡೀ ಹಾರಾಟದಲ್ಲಿ ಒಂದೇ ಕಾಲಿನಲ್ಲಿ ರಡ್ಡರ್ (ಬಾಲದ ಚುಕ್ಕಾಣಿ) ಒತ್ತಿಕೊಂಡೇ ಕೂರಬೇಕು. 1923ರ ಹೊತ್ತಿಗೆ ಬೋಯಿಂಗ್ ಕಂಪನಿ ಉಕ್ಕಿನ ಕೊಳವೆಗಳನ್ನು ಬೆಸೆದು ಕಟ್ಟಿದ ಒಡಲನ್ನು ತಂದಿತು. ಅದೇ ಡಿಎಚ್-4ಎಂ. ಬೆಸೆದ ಚೌಕಟ್ಟು ವಾರೆಯಾಗುವುದಿಲ್ಲ, ತಂತಿ ಬಿಗಿಯುವ ಗೋಜಿಲ್ಲ. ಇದಕ್ಕಿರುವ ಶತ್ರು ಕೊಳವೆಯ ಒಳಗಿನ ತುಕ್ಕು. ಹೊರಗಿನಿಂದ ಬಣ್ಣ ಹೊಳೆಯುತ್ತಿರುತ್ತದೆ, ಒಳಗೆ ಗೋಡೆ ತೆಳ್ಳಗಾಗಿರುತ್ತದೆ. ಅದಕ್ಕೇ ಇಂಥ ಕೊಳವೆಗಳೊಳಗೆ ಬಿಸಿ ಅಗಸೆ ಎಣ್ಣೆ ಸುರಿದು, ಎಲ್ಲ ಕಡೆ ಹರಿಸಿ, ಹೆಚ್ಚಿನದನ್ನು ಬಸಿದು, ತೂತು ಮುಚ್ಚುವ ಪದ್ಧತಿ ಬೆಳೆಯಿತು.

ನೋಡುವ ಕೆಲಸ ಎಂದರೆ ಏನು

ವೀಕ್ಷಣೆಯಲ್ಲಿ ಎರಡು ಮುಖ್ಯ ಕೆಲಸ: ಫಿರಂಗಿಗೆ ಗುರಿ ತಿದ್ದುವುದು, ಫೋಟೋ ತೆಗೆಯುವುದು.

ಗುರಿ ತಿದ್ದುವಾಗ ವಿಮಾನ ನಮ್ಮ ಫಿರಂಗಿಗಳಿಗೂ ಗುರಿಗೂ ನಡುವೆ ಎಂಟರ ಆಕಾರದಲ್ಲಿ ಸುತ್ತುತ್ತಿರುತ್ತದೆ. ಗುಂಡು ಬಿದ್ದ ಕಡೆ ಹೊಗೆ ಎದ್ದೊಡನೆ ವೀಕ್ಷಕ ‘ಇಷ್ಟು ಗಜ ಮುಂದೆ ಬಿತ್ತು, ಇಷ್ಟು ಎಡಕ್ಕೆ ಬಿತ್ತು’ ಎಂದು ಮೋರ್ಸ್ ಸಂಕೇತದಲ್ಲಿ ಒತ್ತುತ್ತಾನೆ. ಅದಕ್ಕೆ ವಿಮಾನದ ಹೊಟ್ಟೆಯಿಂದ ಉದ್ದನೆಯ ಆಂಟೆನಾ ತಂತಿಯನ್ನು, ತುದಿಗೆ ಸೀಸದ ಗುಂಡು ಕಟ್ಟಿ, ರಾಟೆಯಿಂದ ಕೆಳಗೆ ಬಿಟ್ಟಿರಬೇಕು. ಇಳಿಯುವ ಮುನ್ನ ಸುತ್ತಿಕೊಳ್ಳಲು ಮರೆತರೆ ಬೇಲಿಗೋ ಮರಕ್ಕೋ ಸಿಕ್ಕಿ ಗುಂಡೂ ಹೋಯಿತು, ತಂತಿಯೂ ಹೋಯಿತು. ಕಳಿಸುವುದು ಸುಲಭ, ಕೇಳಿಸಿಕೊಳ್ಳುವುದೇ ಕಷ್ಟ. ಎಂಜಿನ್ನಿನ ಗದ್ದಲ ಒಂದು ಕಡೆ, ಸ್ಪಾರ್ಕ್ ಪ್ಲಗ್‌ಗಳ ಕಿಡಿಯಿಂದ ರಿಸೀವರಿನಲ್ಲಿ ಏಳುವ ಚಟಪಟ ಇನ್ನೊಂದು ಕಡೆ. ಆ ತಂತಿಗಳಿಗೆಲ್ಲ ಲೋಹದ ಹೊದಿಕೆ ಹಾಕಿ, ವಿಮಾನದ ಲೋಹದ ಭಾಗಗಳನ್ನು ಒಂದಕ್ಕೊಂದು ತಂತಿಯಿಂದ ಜೋಡಿಸುವ ತನಕ ಈ ಕಾಟ ತಪ್ಪಲಿಲ್ಲ. ಅಲ್ಲಿಯವರೆಗೆ ನೆಲದವರು ಉತ್ತರ ಹೇಳಿದ್ದು ಹುಲ್ಲಿನ ಮೇಲೆ ಬಿಳಿ ಬಟ್ಟೆಯ ಪಟ್ಟಿಗಳನ್ನು ನಾನಾ ಆಕಾರದಲ್ಲಿ ಹಾಸಿ. ಕಾಗದವೇ ಮೇಲೆ ಹೋಗಬೇಕೆಂದರೆ ಎರಡು ಕಂಬ ನೆಟ್ಟು, ನಡುವೆ ಹಗ್ಗ ಎಳೆದು, ಹಗ್ಗಕ್ಕೆ ಚೀಲ ಕಟ್ಟುತ್ತಿದ್ದರು. ವಿಮಾನ ತಗ್ಗಿನಲ್ಲಿ ಹಾರಿ ಬಂದು, ನೇತುಬಿಟ್ಟ ಕೊಕ್ಕೆಯಿಂದ ಅದನ್ನು ಕಿತ್ತುಕೊಂಡು ಹೋಗುತ್ತಿತ್ತು. ಹದ್ದು ಕೋಳಿಮರಿ ಎತ್ತಿಕೊಂಡು ಹೋದ ಹಾಗೆ.

ಫೋಟೋದ ಲೆಕ್ಕ ಇನ್ನೂ ಬಿಗಿ. ಒಂದು ಉದಾಹರಣೆ ನೋಡಿ. ಕ್ಯಾಮೆರಾದ ಲೆನ್ಸಿನ ಫೋಕಲ್ ಉದ್ದ 12 ಇಂಚು, ವಿಮಾನದ ಎತ್ತರ 10,000 ಅಡಿ. 12 ಇಂಚು ಎಂದರೆ ಒಂದು ಅಡಿ, ಆದ್ದರಿಂದ ಚಿತ್ರದ ಅಳತೆ ನೇರವಾಗಿ 1:10,000. ಆ ಕಾಲದ ಫೇರ್‌ಚೈಲ್ಡ್ ಕ್ಯಾಮೆರಾದ ನೆಗೆಟಿವ್ 7×9 ಇಂಚು. ಹಾರುವ ದಿಕ್ಕಿಗೆ 7 ಇಂಚಿನ ಬದಿ ಇಟ್ಟರೆ ಒಂದು ಚಿತ್ರದಲ್ಲಿ ಸುಮಾರು 5,830 ಅಡಿ ನೆಲ ಬರುತ್ತದೆ. ಚಿತ್ರಗಳನ್ನು ಜೋಡಿಯಾಗಿ ನೋಡಿ ಗುಡ್ಡ, ಕಂದಕಗಳ ಎತ್ತರ ತಗ್ಗು ತಿಳಿಯಬೇಕಾದರೆ ಒಂದರ ಮೇಲೊಂದು ಶೇ 60ರಷ್ಟು ಕೂಡಬೇಕು. ಹಾಗಾದರೆ ಪ್ರತಿ ಚಿತ್ರಕ್ಕೆ ಹೊಸದಾಗಿ ಸೇರುವ ನೆಲ ಸುಮಾರು 2,330 ಅಡಿ. ಗಂಟೆಗೆ 100 ಮೈಲಿ ವೇಗದಲ್ಲಿ ವಿಮಾನ ಸೆಕೆಂಡಿಗೆ 147 ಅಡಿ ಸಾಗುತ್ತದೆ. ಅಂದರೆ 16 ಸೆಕೆಂಡಿಗೊಂದು ಚಿತ್ರ.

ಎಡವಟ್ಟು ಆಗುವುದು ಇಲ್ಲೇ. ಹಿಂದಿನಿಂದ 20 ಮೈಲಿ ಗಾಳಿ ಬೀಸುತ್ತಿದ್ದು, ವೀಕ್ಷಕ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ 16 ಸೆಕೆಂಡಿಗೇ ಒತ್ತುತ್ತಾ ಹೋದರೆ ಕೂಡಿಕೆ ಶೇ 52ಕ್ಕೆ ಇಳಿಯುತ್ತದೆ. ಜೊತೆಗೆ ಮೋಡ ತಪ್ಪಿಸಲು ಪೈಲಟ್ 8,000 ಅಡಿಗೆ ಇಳಿದಿದ್ದರೆ ಶೇ 40. ಅರ್ಧಕ್ಕಿಂತ ಕಡಿಮೆಯಾಯಿತೆಂದರೆ ನಡುನಡುವೆ ಜೋಡಿಯೇ ಸಿಗದ ಪಟ್ಟಿಗಳು ಉಳಿಯುತ್ತವೆ. ಶತ್ರುವಿನ ಫಿರಂಗಿ ಆ ಪಟ್ಟಿಯಲ್ಲೇ ಇರಬೇಕೆ! ಇನ್ನು ರೆಕ್ಕೆ ಬರೀ 5 ಡಿಗ್ರಿ ವಾಲಿದರೂ 10,000 ಅಡಿ ಎತ್ತರದಿಂದ ಚಿತ್ರದ ನಡುಬಿಂದು ಸುಮಾರು 875 ಅಡಿ ಪಕ್ಕಕ್ಕೆ ಸರಿಯುತ್ತದೆ. ವೀಕ್ಷಣಾ ವಿಮಾನಕ್ಕೆ ಚುರುಕುತನಕ್ಕಿಂತ ತೇರಿನಂತೆ ಅಲುಗದೆ ಸಾಗುವ ಗುಣ ಮುಖ್ಯವಾಗಿದ್ದು ಈ ಕಾರಣಕ್ಕೆ. ಬೈಪ್ಲೇನಿನ ಎರಡು ಜೊತೆ ರೆಕ್ಕೆ ಇಲ್ಲಿ ಉಪಕಾರಿ: ಅಗಲ ಹೆಚ್ಚಿಸದೆ ರೆಕ್ಕೆಯ ವಿಸ್ತೀರ್ಣ ಸಿಗುತ್ತದೆ, ನಿಧಾನವಾಗಿ ಹಾರಬಹುದು, ಸೇನೆಯ ಬಿಡಾರದ ಪಕ್ಕದ ಹೊಲದಲ್ಲೇ ಇಳಿಯಬಹುದು. ದಂಡ ಏನೆಂದರೆ ಕೆಳಗಿನ ರೆಕ್ಕೆ. ನೋಡಬೇಕಾದ ನೆಲವನ್ನೇ ಅದು ಮುಚ್ಚುತ್ತದೆ.

ಡಗ್ಲಾಸ್ ಮತ್ತು ಕರ್ಟಿಸ್

1924ರಲ್ಲಿ ಸೇನೆ ವಿಮಾನಗಳ ಹೆಸರಿನ ಪದ್ಧತಿ ಬದಲಿಸಿ ವೀಕ್ಷಣಾ ವಿಮಾನಗಳಿಗೆ ‘ಓ’ ಅಕ್ಷರ ಕೊಟ್ಟಿತು. ಅದೇ ವರ್ಷದ ಕೊನೆಯಲ್ಲಿ ಓಹಾಯೋದ ಮೆಕುಕ್ ಫೀಲ್ಡ್‌ನಲ್ಲಿ ಡಿಎಚ್-4ರ ಉತ್ತರಾಧಿಕಾರಿಯನ್ನು ಆರಿಸುವ ಸ್ಪರ್ಧೆ ನಡೆಯಿತು. ಲಿಬರ್ಟಿ ಎಂಜಿನ್ನಿನೊಂದಿಗೆ ಗೆದ್ದದ್ದು ಡಗ್ಲಾಸ್ ಕಂಪನಿಯ ಎಕ್ಸ್‌ಓ-2. 1925ರ ಫೆಬ್ರವರಿಯಲ್ಲಿ 45 ವಿಮಾನಗಳಿಗೆ ಆರ್ಡರ್ ಬಂತು. ಡಗ್ಲಾಸ್‌ಗೆ ಅದು ಒಳ್ಳೆಯ ಕಾಲ. ಆಗಷ್ಟೇ, 1924ರ ಸೆಪ್ಟೆಂಬರಿನಲ್ಲಿ, ಅದರ ‘ವರ್ಲ್ಡ್ ಕ್ರೂಸರ್’ ವಿಮಾನಗಳು ಭೂಮಿ ಸುತ್ತಿ ಮುಗಿಸಿದ್ದವು. ಅವಕ್ಕೂ ಲಿಬರ್ಟಿಯೇ ಎಂಜಿನ್. ಕಲ್ಕತ್ತೆಯಲ್ಲಿ ನೀರಿನ ಮೇಲೆ ಇಳಿಯುವ ತೇಲುಗಳನ್ನು ಬಿಚ್ಚಿ ಚಕ್ರ ಹಾಕಿಕೊಂಡು ಅಲಹಾಬಾದ್, ಅಂಬಾಲ, ಮುಲ್ತಾನ್ ದಾಟಿ ಕರಾಚಿಗೆ ಹೋಗಿದ್ದವು. ನಮ್ಮ ಬೇಸಿಗೆಯ ಧೂಳು ಆ ಎಂಜಿನ್‌ಗಳಿಗೆ ಚೆನ್ನಾಗಿಯೇ ಪಾಠ ಕಲಿಸಿತ್ತು.

ಓ-2ರ ಒಡಲು ಬೆಸೆದ ಉಕ್ಕಿನ ಕೊಳವೆ, ರೆಕ್ಕೆ ಮರ, ಮೇಲೆ ಬಟ್ಟೆ. 1926ರ ಓ-2ಎಚ್ ಹೆಸರಿಗೆ ಅದೇ ವಿಮಾನ, ಒಳಗೆ ಬಹುಪಾಲು ಹೊಸದು. ಮೇಲಿನ ರೆಕ್ಕೆ ಮುಂದಕ್ಕೆ, ಕೆಳಗಿನದು ಹಿಂದಕ್ಕೆ ಬಂತು. ಎರಡೂ ಒಂದರ ನೇರಕ್ಕೆ ಒಂದು ಇರುವುದಕ್ಕಿಂತ ಹೀಗೆ ಮೆಟ್ಟಿಲಿನಂತೆ ಇಟ್ಟರೆ ಗಾಳಿಯ ಹರಿವಿಗೂ ಒಳ್ಳೆಯದು, ಪೈಲಟ್‌ಗೆ ಮೇಲಿನ ನೋಟವೂ ತೆರೆದುಕೊಳ್ಳುತ್ತದೆ. ಇನ್ನೊಂದು ಬದಲಾವಣೆ ಚಿಕ್ಕದು, ಆದರೆ ಹೊಲದಲ್ಲಿ ಇಳಿದವರು ಮಾತ್ರ ಅದರ ಬೆಲೆ ಬಲ್ಲರು. ಎರಡು ಚಕ್ರಗಳ ನಡುವೆ ಅಡ್ಡ ಹಾಯುತ್ತಿದ್ದ ಆಕ್ಸಲ್ ಹೋಯಿತು, ಪ್ರತಿ ಚಕ್ರಕ್ಕೆ ಬೇರೆ ಕಾಲು ಬಂತು. ಅಡ್ಡ ಆಕ್ಸಲ್ ಎತ್ತರದ ಹುಲ್ಲಿಗೆ, ಪೈರಿಗೆ, ತಂತಿಬೇಲಿಗೆ ಸಿಕ್ಕಿಕೊಂಡು ವಿಮಾನವನ್ನು ತಲೆಕೆಳಗು ಮಾಡುತ್ತಿತ್ತು. 140ಕ್ಕೂ ಹೆಚ್ಚು ಓ-2ಎಚ್‌ಗಳು ತಯಾರಾದವು.

ಸ್ಪರ್ಧೆಯಲ್ಲಿ ಸೋತ ಕರ್ಟಿಸ್ ಮರುವರ್ಷ ಬೇರೆ ಎಂಜಿನ್ನಿನ ಸ್ಪರ್ಧೆಯಲ್ಲಿ ಗೆದ್ದು ಓ-1 ಫಾಲ್ಕನ್ ಮಾರಿತು. ಫೋಟೋದಲ್ಲಿ ಇದನ್ನು ಗುರುತಿಸುವುದು ಸುಲಭ: ಮೇಲಿನ ರೆಕ್ಕೆಯ ಹೊರಭಾಗ ಹಿಂದಕ್ಕೆ ಬಾಗಿದೆ. ಅಂದಕ್ಕಲ್ಲ, ತೂಕದ ನಡುಬಿಂದುವಿಗೆ ರೆಕ್ಕೆಯ ಎತ್ತುವ ಬಲ ಸರಿಹೊಂದಲೆಂದು. ಒಡಲಿಗೆ ಉಕ್ಕಿನ ಬದಲು ಅಲ್ಯೂಮಿನಿಯಂ ಮಿಶ್ರಲೋಹದ ಕೊಳವೆಗಳನ್ನು ಬೋಲ್ಟ್, ರಿವೆಟ್ ಹಾಕಿ ಜೋಡಿಸಿದ್ದರು. ಹಗುರವೇನೋ ಹೌದು, ಆದರೆ ಮುರಿದರೆ ಸೇನಾ ಶಿಬಿರದ ಬೆಸುಗೆಯವನಿಂದ ರಿಪೇರಿ ಆಗುವಂಥದ್ದಲ್ಲ. ಈ ಹಗುರ ವಿಮಾನಕ್ಕೂ ಕೊನೆಗೆ ಗೋದಾಮಿನ ಋಣ ತಪ್ಪಲಿಲ್ಲ. ನ್ಯಾಷನಲ್ ಗಾರ್ಡ್ ಎಂಬ ರಾಜ್ಯಗಳ ಮೀಸಲು ದಳಗಳಿಗೆಂದು ಇದೇ ಫಾಲ್ಕನ್ನಿಗೆ ಲಿಬರ್ಟಿ ಕೂರಿಸಿ ಓ-11 ಎಂದು ಕೊಟ್ಟರು.

ಥಾಮಸ್-ಮೋರ್ಸ್ ಕಂಪನಿ ಮೊದಲು ಓ-2ನ್ನೇ ಲೋಹದಲ್ಲಿ ಕಟ್ಟಿ ನೋಡಿತು, ಓ-6 ಎಂದು ಐದೇ ಐದು. ಆ ಅನುಭವದಿಂದ ಬಂದ ಓ-19ರ ಒಡಲಿಗೆ ಛಾವಣಿಯ ಶೀಟಿನಂತೆ ಅಲೆಅಲೆಯಾದ ಲೋಹದ ತಗಡಿನ ಹೊದಿಕೆ. ಅಲೆಯಿದ್ದರೆ ತೆಳು ತಗಡೂ ಬಾಗದೆ ನಿಲ್ಲುತ್ತದೆ, ಆದರೆ ಗಾಳಿಗೆ ಒಡ್ಡಿಕೊಳ್ಳುವ ಮೈ ಹೆಚ್ಚಾಗುತ್ತದೆ.

ನೀರು ಬಿಟ್ಟು ಗಾಳಿ

ಇಷ್ಟಾದರೂ ರೇಡಿಯೇಟರ್ ಬೆನ್ನು ಬಿಡಲಿಲ್ಲ. ಮೊದಲ ಓ-2ರಲ್ಲಿ ಅದು ಮೂತಿಯ ಕೆಳಗೆ ನೇತಾಡುತ್ತಿತ್ತು, ಆಮೇಲಿನ ಮಾದರಿಗಳಲ್ಲಿ ಲಾರಿಯಂತೆ ಎದುರಿಗೇ ಬಂತು. ಓ-25ಸಿ ಮಾದರಿಯಲ್ಲಿ ನೀರಿನ ಬದಲು ಎಥಿಲೀನ್ ಗ್ಲೈಕಾಲ್ ಹಾಕಿದರು. ನೀರು 100 ಡಿಗ್ರಿಗೆ ಕುದಿದರೆ ಅದು ಕುದಿಯುವುದು 197 ಡಿಗ್ರಿಗೆ. ದ್ರವ ಹೆಚ್ಚು ಬಿಸಿಯಿದ್ದಷ್ಟೂ ಗಾಳಿಗೆ ಶಾಖ ಬೇಗ ಬಿಟ್ಟುಕೊಡುತ್ತದೆ, ಆದ್ದರಿಂದ ಚಿಕ್ಕ ರೇಡಿಯೇಟರ್ ಸಾಕು. ಆದರೆ ನೀರನ್ನು ತಡೆಯುತ್ತಿದ್ದ ರಬ್ಬರ್ ಕೊಳವೆಯ ಸಂದುಗಳಲ್ಲಿ ಗ್ಲೈಕಾಲ್ ನುಸುಳಿ ಹೊರಬರುತ್ತಿತ್ತು.

ನಿಜವಾದ ಬಿಡುಗಡೆ ಬಂದದ್ದು ಪ್ರಾಟ್ ಅಂಡ್ ವಿಟ್ನಿಯಿಂದ. 1925ರ ಕ್ರಿಸ್‌ಮಸ್ ಮುನ್ನಾದಿನ ಮೊದಲ ಸಲ ಓಡಿದ ಅವರ ವಾಸ್ಪ್ ಎಂಜಿನ್ನಿನಲ್ಲಿ 9 ಸಿಲಿಂಡರ್‌ಗಳು ಚಕ್ರದ ಕಡ್ಡಿಗಳಂತೆ ಸುತ್ತಲೂ ಹರಡಿವೆ, ಮುಂದಿನ ಗಾಳಿಯೇ ನೇರವಾಗಿ ತಣಿಸುತ್ತದೆ. 400 ಚಿಲ್ಲರೆ ಅಶ್ವಶಕ್ತಿಗೆ ತೂಕ ಸುಮಾರು 295 ಕಿಲೋ. ಲಿಬರ್ಟಿಗಿಂತ ಹತ್ತಿರಹತ್ತಿರ 90 ಕಿಲೋ ಕಡಿಮೆ, ಅದೂ ರೇಡಿಯೇಟರ್, ನೀರು, ಕೊಳವೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ. ಒಂದು ಗುಂಡು ರೇಡಿಯೇಟರಿಗೆ ತಾಗಿದರೆ ಕೆಲವೇ ನಿಮಿಷದಲ್ಲಿ ಎಂಜಿನ್ ಹಿಡಿದುಕೊಳ್ಳುವ ಭಯವೂ ಹೋಯಿತು.

ಇದನ್ನು ಮೊದಲು ಬಾಚಿಕೊಂಡದ್ದು ನೌಕಾದಳ. ವಾಟ್ ಕಂಪನಿಯ ಓ2ಯು ಕೋರ್ಸೇರ್ ವಾಸ್ಪ್ ಸುತ್ತಲೇ ರೂಪಿಸಿದ ವಿಮಾನ. 1928ರ ಜನವರಿಯಲ್ಲಿ ನಿಕರಾಗುವಾದ ಕಿಲಾಲಿ ಎಂಬ ಊರಿನಲ್ಲಿ ಅಮೆರಿಕದ ಮರೀನ್ (ನೌಕಾ ಪದಾತಿ) ತುಕಡಿಯೊಂದು ಮುತ್ತಿಗೆಗೆ ಸಿಕ್ಕಿತ್ತು. ಸೈನಿಕರು ಊರಿನ ಒಂದು ಭಾಗವನ್ನು ಕೆಡವಿ ಸುಮಾರು 500 ಅಡಿಯ ಪಟ್ಟಿ ಮಾಡಿದರು. ಕ್ರಿಶ್ಚಿಯನ್ ಶಿಲ್ಟ್ ಎಂಬ ಅಧಿಕಾರಿ ಅದೇ ಕೋರ್ಸೇರ್‌ನಲ್ಲಿ ಮೂರು ದಿನದಲ್ಲಿ 10 ಸಲ ಇಳಿದು 18 ಗಾಯಾಳುಗಳನ್ನು ಹೊರತಂದ. ವಿಮಾನಕ್ಕೆ ಬ್ರೇಕ್ ಇರಲಿಲ್ಲ. ನೆಲ ಮುಟ್ಟಿದೊಡನೆ ಸೈನಿಕರು ಓಡಿಬಂದು ರೆಕ್ಕೆಗೆ ಜೋತುಬಿದ್ದು ನಿಲ್ಲಿಸುತ್ತಿದ್ದರು. ಚಿಕ್ಕ ಜಾಗದಲ್ಲಿ ಇಳಿಯುವ ಬೈಪ್ಲೇನಿನ ಗುಣಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಭೂಸೇನೆಯಲ್ಲಿ ಈ ದಾರಿಯ ಕೊನೆಯ ಫಲ ಡಗ್ಲಾಸ್ ಓ-38. ಎಂಜಿನ್ ವಾಸ್ಪ್‌ನ ಅಣ್ಣ ಹಾರ್ನೆಟ್. ಅದರ ಗಾತ್ರ 27.7 ಲೀಟರ್, ಅಂದರೆ ಲಿಬರ್ಟಿಗಿಂತ ಕೂದಲೆಳೆ ಹೆಚ್ಚು. ಆದರೆ ಶಕ್ತಿ 525 ಅಶ್ವಶಕ್ತಿ. ವೇಗ ಗಂಟೆಗೆ ಸುಮಾರು 240 ಕಿಲೋಮೀಟರ್. ಬಹುಪಾಲು ವಿಮಾನಗಳು ನ್ಯಾಷನಲ್ ಗಾರ್ಡ್ ದಳಗಳಿಗೆ ಹೋದವು. 1934ರ ಚಳಿಗಾಲದಲ್ಲಿ ಸರ್ಕಾರ ಖಾಸಗಿ ಕಂಪನಿಗಳಿಂದ ವಿಮಾನ ಅಂಚೆಯ ಗುತ್ತಿಗೆ ಕಿತ್ತು ಸೇನೆಗೆ ವಹಿಸಿದಾಗ ಇಂಥ ವೀಕ್ಷಣಾ ವಿಮಾನಗಳ ಹಿಂದಿನ ಆಸನವನ್ನೂ ಅಂಚೆಚೀಲಕ್ಕೆ ಬಿಟ್ಟುಕೊಡಬೇಕಾಯಿತು. ಹಗಲಿನಲ್ಲಿ, ಒಳ್ಳೆಯ ಹವೆಯಲ್ಲಿ, ನೆಲ ನೋಡುತ್ತಾ ಹಾರಲೆಂದೇ ಹುಟ್ಟಿದ ವಿಮಾನಗಳವು. ಮಂಜಿನಲ್ಲಿ ಕುರುಡಾಗಿ ಹಾರಲು ಬೇಕಾದ ಗೈರೋ ಉಪಕರಣ ಬಹಳಷ್ಟರಲ್ಲಿ ಇರಲೇ ಇಲ್ಲ. ಅಪಘಾತಗಳು ಸಾಲುಗಟ್ಟಿದವು, ಪೈಲಟ್‌ಗಳು ಸತ್ತರು, ಕೆಲವು ತಿಂಗಳಲ್ಲೇ ಅಂಚೆ ಮತ್ತೆ ಖಾಸಗಿಯವರ ಕೈ ಸೇರಿತು. ಆ ಹೊತ್ತಿಗೆ ಬಂದಿದ್ದ ಓ-38ಇ ಮಾದರಿಯಲ್ಲಿ ಮಾತ್ರ ಆಸನಗಳ ಮೇಲೆ ಸರಿಸಿ ಮುಚ್ಚುವ ಗಾಜಿನ ಹೊದಿಕೆ ಇತ್ತು.

ಅದೇ ವರ್ಷ ಸೇನೆಗೆ ಸೇರುತ್ತಿದ್ದ ಮಾರ್ಟಿನ್ ಬಿ-10 ಬಾಂಬರಿನ ವೇಗ ಗಂಟೆಗೆ 340 ಕಿಲೋಮೀಟರ್ ದಾಟಿತ್ತು. ಬಾಂಬರೇ ಅಷ್ಟು ಓಡುವಾಗ 240ರ ಬೈಪ್ಲೇನು ಎಂಟರ ಆಕಾರದಲ್ಲಿ ಸುತ್ತುತ್ತಾ ಎಷ್ಟು ಹೊತ್ತು ಬದುಕೀತು? ಸೇನೆ ಒಂಟಿ ರೆಕ್ಕೆಗೆ ತಿರುಗಿತು. ಓ-46ರಲ್ಲಿ ರೆಕ್ಕೆಯನ್ನು ತಲೆಯ ಮೇಲಕ್ಕೆ ಎತ್ತಿದರು, ಕೆಳಗಿನ ನೋಟ ಕೊನೆಗೂ ತೆರೆಯಿತು. ಆಮೇಲಿನ ಓ-47ರಲ್ಲಿ ರೆಕ್ಕೆ ಮತ್ತೆ ಕೆಳಗೆ ಬಂತು, ನೋಟಕ್ಕೆ ಹೊಟ್ಟೆಯಲ್ಲೇ ಕಿಟಕಿ ಕೊರೆದರು, ಮೂರನೆಯವನನ್ನು ಕೂರಿಸಿದರು. ವೇಗ ಹೆಚ್ಚಿತು, ತೂಕ ಹೆಚ್ಚಿತು, ಇಳಿಯಲು ಬೇಕಾದ ಜಾಗವೂ ಹೆಚ್ಚಿತು. ಹೊಲದಲ್ಲಿ ಇಳಿಯಲಾಗದ ವಿಮಾನ ಫಿರಂಗಿಗಳಿಂದ ದೂರದ ನಿಲ್ದಾಣದಲ್ಲಿ ನಿಂತಿತು. 1942ರ ಜೂನ್‌ನಲ್ಲಿ ಫಿರಂಗಿ ದಳಗಳಿಗೆ ಅವುಗಳದೇ ಪುಟ್ಟ ವಿಮಾನ ಕೊಡುವ ನಿರ್ಧಾರವಾಯಿತು: 65 ಅಶ್ವಶಕ್ತಿಯ, ಬಟ್ಟೆ ಹೊದ್ದ ಪೈಪರ್ ಕಬ್. ಫೋಟೋ ಕೆಲಸ ವೇಗದ ಫೈಟರುಗಳ ಪಾಲಾಯಿತು. ಡಿಎಚ್-4ರ ಕಾಲದಿಂದ ಒಬ್ಬನೇ ವೀಕ್ಷಕ ಮಾಡುತ್ತಿದ್ದ ಎರಡು ಕೆಲಸ ಎರಡು ದಿಕ್ಕಿಗೆ ಹೋದವು.

ಹಡಗಿನ ಮೇಲೆ ಕತೆ ಬೇರೆ. ಅಲ್ಲಿ ರನ್‌ವೇಯ ಪ್ರಶ್ನೆಯೇ ಇರಲಿಲ್ಲ. ಕೆಟಪಲ್ಟ್ ಎಂಬ ಕವಣೆಯಂಥ ಯಂತ್ರದಿಂದ ಚಿಮ್ಮಿಸುತ್ತಿದ್ದರು, ನೀರಿನ ಮೇಲೆ ಇಳಿದದ್ದನ್ನು ಕ್ರೇನ್‌ನಿಂದ ಎತ್ತುತ್ತಿದ್ದರು. 1935ರಲ್ಲಿ ಸೇವೆಗೆ ಬಂದ ಕರ್ಟಿಸ್ ಎಸ್‌ಓಸಿ ಸೀಗಲ್, ರೆಕ್ಕೆ ಮಡಚುವ ಬೈಪ್ಲೇನು, ತನ್ನ ಜಾಗಕ್ಕೆಂದು ಬಂದ ಒಂಟಿ ರೆಕ್ಕೆಯ ಸೀಮ್ಯೂ ಎಂಜಿನ್ ತಾಪತ್ರಯದಿಂದ ಕೈಕೊಟ್ಟ ಮೇಲೆ ಮತ್ತೆ ಕೆಲಸಕ್ಕೆ ಬಂದು ಎರಡನೆಯ ಮಹಾಯುದ್ಧದ ಕೊನೆಯವರೆಗೂ ದುಡಿಯಿತು.

ಭೂಸೇನೆಯ ಓ-38ಗಳಲ್ಲಿ ಒಂದು 1940ರ ಅಕ್ಟೋಬರಿನಲ್ಲಿ ಅಲಾಸ್ಕದ ಫೇರ್‌ಬ್ಯಾಂಕ್ಸ್ ಬಳಿಯ ಹೊಸ ಲ್ಯಾಡ್ ಫೀಲ್ಡ್‌ನಲ್ಲಿ ಇಳಿದ ಮೊದಲ ವಿಮಾನವಾಯಿತು. 1941ರ ಜೂನ್ 16ರಂದು ಎಂಜಿನ್ ನಿಂತು ಅಲ್ಲಿಂದ ಸುಮಾರು 70 ಮೈಲಿ ದೂರದ ಕಾಡಿನಲ್ಲಿ ಬಿತ್ತು. ಇಬ್ಬರಿಗೂ ಗಾಯವಿಲ್ಲ, ಮೇಲಿಂದ ಹಾಕಿದ ಸಾಮಾನು ಕಟ್ಟಿಕೊಂಡು ನಡೆದೇ ಹೊರಬಂದರು. ವಿಮಾನ 27 ವರ್ಷ ಅಲ್ಲೇ ಮಳೆ, ಹಿಮಕ್ಕೆ ಮೈಯೊಡ್ಡಿ ನಿಂತಿತ್ತು. 1968ರಲ್ಲಿ ಹೆಲಿಕಾಪ್ಟರಿನಿಂದ ಎತ್ತಿ ತಂದು, ಡೇಟನ್‌ನ ವಾಯುಪಡೆ ವಸ್ತುಸಂಗ್ರಹಾಲಯದಲ್ಲಿ 1974ರ ಹೊತ್ತಿಗೆ ಸಿದ್ಧಪಡಿಸಿದರು. ಲೋಹದ ಒಡಲು ಬಹುಮಟ್ಟಿಗೆ ಗಟ್ಟಿಯಾಗಿಯೇ ಇತ್ತು. ಹೆಚ್ಚು ಕೆಲಸ ಬೇಡಿದ್ದು ಮರ ಮತ್ತು ಬಟ್ಟೆಯ ಆ ಎರಡು ಜೊತೆ ರೆಕ್ಕೆಗಳು.